ನೀರಿನ ಜ್ವರ ನೋಡುವ ಚಿಕ್ಕಮ್ಮ

ನನ್ನ ಚಿಕ್ಕಮ್ಮ ಯಾರೊಡನೆ ಮಾತಾಡಿದರೂ ಅವರ ಮುಖ ನೋಡುವುದಿಲ್ಲ. ಅವರ ಹೆಗಲಾಚೆಗಿನ ನೀರನ್ನು ನೋಡುತ್ತಾಳೆ. ನೀರು ಕಾಣದ ಕಡೆ ನಿಲ್ಲಿಸಿ ಮಾತಾಡಿಸಿದಿರೋ, ಬಸ್ಸು ತಪ್ಪಿಹೋಗುತ್ತದೆಂದು ಹೆದರಿದವಳಂತೆ ನಿಂತಲ್ಲೇ ಚಡಪಡಿಸುತ್ತಾಳೆ. ದೋಣಿಗಳಿಗೆ ಟಾರ್ಪಾಲು ಹೊಲಿಯುವುದು ಅವಳ ಕಸುಬು. ಕಡುಬೇಸಿಗೆಯಲ್ಲೂ ಮೈಬಿಡದ ಆ ಖಾಕಿ ಕೋಟು ಅವಳೇ ಹೊಲಿದುಕೊಂಡದ್ದು, ಅದಕ್ಕೆ ಹನ್ನೊಂದು ಜೇಬುಗಳು. ಒಂದರಲ್ಲಿ ಗಾಳ, ಒಂದರಲ್ಲಿ ದಾರ ಮುಳುಗಿಸುವ ಸೀಸದ ಗುಂಡು, ಎದೆಯ ಮೇಲಿನದರಲ್ಲಿ ದಾರ ಕಟ್ಟಿದ ಥರ್ಮಾಮೀಟರು. ಬೆಳಗ್ಗೆ ಎದ್ದವಳೇ ಸೇತುವೆಯ ಮೇಲಿನಿಂದ ಅದನ್ನು ನೀರಿಗಿಳಿಸಿ, ಮೇಲೆತ್ತಿ, ಕಣ್ಣು ಕಿರಿದು ಮಾಡಿ ಓದಿ, “ಇವತ್ತು ಜ್ವರ ಜಾಸ್ತಿ” ಎಂದು ಘೋಷಿಸದ ಹೊರತು ಅವಳು ಹೊಲಿಗೆ ಯಂತ್ರದ ಮುಂದೆ ಕೂತದ್ದೇ ಇಲ್ಲ. ಬೀದಿಯವರ ಬಾಯಲ್ಲಿ ಅವಳು ಥರ್ಮಾಮೀಟರಕ್ಕ.

ಬೇಸಿಗೆಯ ನೀರಿನ ವಿಷಯದಲ್ಲಿ ಅವಳದು ನಿಸ್ಸಂಶಯವಾಗಿ ಪಾಂಡಿತ್ಯ. ಬಿಸಿಲೇರುತ್ತಿದ್ದಂತೆ ದಡದ ತೆಳುನೀರು ಕಾದು ಮೀನುಗಳು ಸೇತುವೆಯ ಕಂಬಗಳ ನೆರಳಿಗೋ ಕಾಲುವೆಯ ಆಳಕ್ಕೋ ಸರಿದುಬಿಡುತ್ತವೆಂದೂ, ಇಳಿತ ಶುರುವಾಗಿ ಅಳಿವೆಯ ನೀರು ಸಿಗಡಿಗಳನ್ನು ಹೊತ್ತು ಹೊರಗೆ ಹರಿಯುವ ಮೊದಲ ಒಂದು ತಾಸೇ ಸುವರ್ಣಕಾಲವೆಂದೂ, ನೀರು ತಿಳಿಯಾದಷ್ಟೂ ದಾರ ಸಪೂರವಾಗಿರಬೇಕೆಂದೂ ಅವಳು ಹೇಳತೊಡಗಿದರೆ ಕೇಳುವವನು ಗಾಳ ಮುಟ್ಟದವನಾದರೂ ಅವನ ಕೈ ತುರಿಸಬೇಕು. ಬಕೆಟ್ಟಿನ ಜೀವಂತ ಸಿಗಡಿಗಳು ಸೆಕೆಗೆ ಸಾಯದಿರಲೆಂದು ಬಾಟಲಿಯಲ್ಲಿ ನೀರು ಹೆಪ್ಪುಗಟ್ಟಿಸಿ ಅವುಗಳ ನಡುವೆ ತೇಲಿಬಿಡುತ್ತಾಳೆ. ಮನೆಯವರಿಗೆ ಕುಡಿಯಲು ತಣ್ಣೀರು ಇಲ್ಲದಿದ್ದರೂ ಸಿಗಡಿಗಳಿಗೆ ಇರಲೇಬೇಕು. ಯಾರು ಎಷ್ಟೇ ಅವಸರಪಡಿಸಲಿ, ಅವಳ ಉತ್ತರ ಒಂದೇ: “ತಡಿ, ತಡಿ.”

ಇಂಥವಳು ದೂರದ ಕಡಲಿನ ನೀಲಿನೀರನ್ನು ಮಾತ್ರ ಕಂಡಿರಲಿಲ್ಲ. ಅವಳ ತಮ್ಮ, ಅಂದರೆ ನನ್ನ ಸೋದರಮಾವ, ಆಳಕಡಲಿಗೆ ಹೋಗುವ ದೋಣಿಯ ಒಡೆಯ. ಹನ್ನೆರಡು ಬೇಸಿಗೆಗಳಿಂದ ಅವಳು “ನನ್ನೂ ಕರ್ಕೊಂಡ್ಹೋಗೋ” ಎನ್ನುತ್ತಿದ್ದಳು, ಅವನು “ಮುಂದಿನ ವರ್ಷ ನೋಡೋಣ ಬಿಡಕ್ಕ” ಎಂದು ಜಾರಿಕೊಳ್ಳುತ್ತಿದ್ದ. ಈ ಬೇಸಿಗೆಯಲ್ಲಿ ಮನೆಮಂದಿಯೆಲ್ಲ ತಿಂಡಿಗೆ ಕೂತಿದ್ದಾಗ ಅವನಿಗೆ ತಪ್ಪಿಸಿಕೊಳ್ಳಲು ದಾರಿ ಸಿಗಲಿಲ್ಲ.

“ಆಯ್ತು, ಒಂದೇ ಒಂದು ಸಲ! ನಿನ್ ಕೈಯಾರೆ ಒಂದು ಮೀನು ದೋಣಿಯೊಳಗೆ ಹಾಕು, ಈ ಬೇಸಿಗೆ ಪೂರ್ತಿ ಜಾಗ ನಿಂದೇ. ಬರಿಗೈಲಿ ಬಂದ್ಯೋ, ಇನ್ಮೇಲೆ ನೀನು ಈ ವಿಷಯ ಕೇಳೋ ಹಾಗಿಲ್ಲ.”

“ಒಪ್ಪಿದೆ” ಎಂದಳು ಚಿಕ್ಕಮ್ಮ. ಸಾಕ್ಷಿಗೆಂದು ನನ್ನನ್ನು ಹತ್ತಿಸಿಕೊಂಡರು. ದೋಣಿ ಎಂದರೆ ನನ್ನ ಹೊಟ್ಟೆ ತೊಳಸುತ್ತದೆಂಬುದನ್ನು ಯಾರೂ ಲೆಕ್ಕಕ್ಕಿಡಲಿಲ್ಲ.

ಮರುದಿನ ಗಾಳಿ ಏಳುವ ಮೊದಲೇ ಹೊರಟೆವು. ದಡದ ಕಂದುನೀರು ಹಸಿರಾಗಿ, ಹಸಿರು ಹಠಾತ್ತನೆ ಗೆರೆ ಕೊರೆದಂತೆ ನೀಲಿಯಾದಾಗ ಚಿಕ್ಕಮ್ಮ ಎರಡೂ ಕೈಗಳಿಂದ ದೋಣಿಯ ಅಂಚು ಹಿಡಿದು “ಅಯ್ಯಯ್ಯೋ, ಏನಿದು ಬಣ್ಣ!” ಎಂದು ಕೂಗಿಬಿಟ್ಟಳು. ಆದರೆ ಬಣ್ಣದಿಂದ ಮೀನು ಹುಟ್ಟೀತೇ? ಹೊಳೆಯುವ ಹುಸಿ ಎರೆಗಳನ್ನು ದೋಣಿಯ ಹಿಂದೆ ಎಳೆಯುತ್ತ ಮಾವ ನಾಲ್ಕು ತಾಸು ಸುತ್ತಿದ್ದೇ ಸುತ್ತಿದ್ದು. ಒಂದು ದಾರವೂ ಬಿಗಿಯಲಿಲ್ಲ. ಸೂರ್ಯ ನೆತ್ತಿಗೆ ಬಂದ. “ಸಾಕಕ್ಕ, ವಾಪಸ್ ಹೋಗೋಣ” ಎಂದ ಅವನ ದನಿಯಲ್ಲಿ ಗೆದ್ದ ಗತ್ತಿಗಿಂತ ಮರುಕವೇ ಹೆಚ್ಚಿತ್ತು.

“ತಡಿ, ತಡಿ! ಅಲ್ಲೇನೋ ತೇಲ್ತಾ ಇದೆ.”

ಅದು ಬಾಗಿಲು! ಯಾವ ಮನೆಯದೋ, ಯಾವ ಹಡಗಿನದೋ, ಚಿಲಕದ ಸಮೇತ ಅಂಗಾತ ತೇಲುತ್ತಿತ್ತು.

“ಮೀನಿಲ್ಲ ಅಂತ ಬಾಗಿಲು ತಟ್ಟೋಕೆ ಹೋಗ್ಬೇಕಾ?” ಎಂದ ಮಾವ.

“ಬಾಯ್ಮುಚ್ಕೊಂಡು ಎಂಜಿನ್ ನಿಲ್ಸು. ಹತ್ರ ಹೋಗ್ಬೇಡ, ಗಾಳಿನೇ ನಮ್ಮನ್ನ ತಳ್ಳಲಿ.”

ಬಟಾಬಯಲಿನಂಥ ಕಡಲಿನಲ್ಲಿ ಅಂಗೈಯಗಲದ ನೆರಳಿದ್ದರೂ ಅದರಡಿ ಸಂಸಾರ ಹೂಡುವ ಮೀನುಗಳುಂಟೆಂದು, ಟಾರ್ಪಾಲು ಹೊಲಿಯುತ್ತ ಹನ್ನೆರಡು ಬೇಸಿಗೆ ದೋಣಿಯವರ ಹರಟೆಗೆ ಕಿವಿಗೊಟ್ಟು ಅವಳು ಕಲಿತಿದ್ದಳು. ಸಿಗಡಿ ಚುಚ್ಚಿದ ಅವಳ ಗಾಳ ಬಾಗಿಲ ಪಕ್ಕಕ್ಕೆ ಬಿದ್ದದ್ದೇ ತಡ, ನೀರು ಸಿಡಿಯಿತು! ಹಸಿರು ಬೆನ್ನಿನ, ಹೊನ್ನಿನ ಹೊಟ್ಟೆಯ, ಮೊಳಕ್ಕೂ ಮೀರಿದ ಮೀನೊಂದು ಗಾಳಿಯಲ್ಲಿ ಮೈ ತಿರುಚಿ ಬಿತ್ತು. ಗಾಳದ ಕೋಲು ಬಿಲ್ಲಾಯಿತು. ನನ್ನ ಹೊಟ್ಟೆಯ ಸಂಕಟ ಎಲ್ಲಿಗೆ ಹೋಯಿತೋ, ನಾನು ಹುಚ್ಚನಂತೆ ಕೂಗುತ್ತಿದ್ದೆ. ಅವಳು ಬಿಟ್ಟಳು, ಎಳೆದಳು, ಮತ್ತೆ ಬಿಟ್ಟಳು. ಕೊನೆಗೆ ಮೀನು ದೋಣಿಯ ಪಕ್ಕಕ್ಕೇ ಬಂತು. ಮಾವ ಕೈಬಲೆ ಹಿಡಿದು ಬಾಗಿದ.

“ಎತ್ತಕ್ಕ! ಎತ್ತು, ಗೆದ್ದೆ ನೀನು!”

“ಬೇಡ! ಇದು ನೀರಲ್ಲಿರೋ ತನಕ ಇದರ ಬಳಗ ಎಲ್ಲೂ ಹೋಗಲ್ಲ. ಬಲೆ ಬಿಸಾಕು, ಗಾಳ ಹಾಕ್ರೋ ಇಬ್ರೂ, ಬೇಗ!”

ಹಾಗೆನ್ನುವಷ್ಟರಲ್ಲಿ ಬಾಗಿಲಡಿಯಿಂದ ಹತ್ತು, ಇಪ್ಪತ್ತು, ಎಣಿಕೆಗೆ ಸಿಗದಷ್ಟು ಹೊನ್ನಿನ ಮೈಗಳು ದೋಣಿಯ ಸುತ್ತ ನುಗ್ಗಿದವು. ಮಾವ ಒಂದು ಎತ್ತಿದ, ಇನ್ನೊಂದು ಎತ್ತಿದ. ಜನ್ಮದಲ್ಲಿ ಗಾಳ ಹಿಡಿಯದ ನಾನೂ ಎರಡು ಎತ್ತಿದೆ! ಅಷ್ಟೂ ಹೊತ್ತು ಅವಳು ತನ್ನ ಮೀನನ್ನು ನೀರಿನಲ್ಲೇ ತಡೆದು ನಿಂತಿದ್ದಳು, ತೋಳುಗಳು ನಡುಗುತ್ತಿದ್ದವು. ಒಂಬತ್ತನೆಯದು ದೋಣಿಗೆ ಬೀಳುವ ಹೊತ್ತಿಗೆ ಅವಳ ಸಪೂರ ದಾರ ಪಟ್ಟನೆ ಹರಿಯಿತು. ಮೀನು ಹೋಯಿತು, ಅದರ ಹಿಂದೆ ಬಳಗವೂ ಹೋಯಿತು.

“ಏನ್ ಮೀನು ಕಣ್ರೋ ಅದು!” ಎಂದು ಅವಳು ನಕ್ಕಳು. ದಡದವರೆಗೂ ಹಿಂದೆ ಸರಿಯುತ್ತಿದ್ದ ನೀಲಿಯ ಕಡೆ ತಿರುಗಿ ಕೂತಿದ್ದಳು. ನನಗೆ ಅಳು ಬಂತು.

ದೋಣಿ ಕಟ್ಟುವ ಕಟ್ಟೆಯಲ್ಲಿ ಜನ ಮುತ್ತಿಕೊಂಡರು. “ಇದ್ರಲ್ಲಿ ನಿಮ್ದ್ಯಾವುದು, ಥರ್ಮಾಮೀಟರಕ್ಕ?” ಎಂದು ಯಾರೋ ಕೇಳಿದರು.

“ನಂದ್ಯಾವ್ದೂ ಇಲ್ಲಪ್ಪ” ಎಂದವಳು ತಮ್ಮನಿಗೆ, “ಮಾತು ಅಂದ್ರೆ ಮಾತು. ಇನ್ನು ಕೇಳಲ್ಲ” ಎಂದು ಹೇಳಿ ಹೊರಟೇಬಿಟ್ಟಳು.

ಮಾವ ಒದ್ದೆಗೈಯಲ್ಲೇ ಓಡಿಹೋಗಿ ಅವಳ ಕೋಟಿನ ತೋಳು ಹಿಡಿದ. “ನೀನು ಕೇಳ್ಬೇಡ. ಈಗ ನಾನು ಕೇಳ್ತಾ ಇದೀನಿ. ನಾಳೆ ಬರ್ತೀಯಾ ಅಕ್ಕ?”

“ಎಷ್ಟು ಗಂಟೆಗೆ?” ಎಂದಳು, ಅವನು ಮಾತು ಮುಗಿಸುವ ಮೊದಲೇ.

ಇಂಥವರು ಪ್ರತಿಯೊಂದು ಕಸುಬಿನಲ್ಲೂ ಒಬ್ಬಿಬ್ಬರಾದರೂ ಇರುತ್ತಾರೆ. ಕೈಗೆ ಬಂದ ಗೆಲುವನ್ನು ಚೀಲಕ್ಕೆ ತುಂಬಿಕೊಳ್ಳುವ ಆತುರ ಅವರಿಗಿಲ್ಲ; ನೋವು ತಿನ್ನುವ ತೋಳಿನಿಂದ ಅದನ್ನು ನೀರಿನಲ್ಲೇ ಹಿಡಿದು ನಿಂತು, ಉಳಿದವರನ್ನು ಕೂಗಿ ಕರೆಯುತ್ತಾರೆ. ಸಂಜೆ ಲೆಕ್ಕ ಹಾಕುವವರಿಗೆ ಅವರು ಬರಿಗೈಯವರಾಗಿಯೇ ಕಾಣುತ್ತಾರೆ, ಅದಕ್ಕೆ ಅವರು ವಾದವನ್ನೂ ಹೂಡುವುದಿಲ್ಲ. ಅಂಥವರು ಏನು ಹಿಡಿದರೆಂದು ತಿಳಿಯಬೇಕಾದರೆ ಅವರ ಪಕ್ಕದಲ್ಲಿ ನಿಂತಿದ್ದವರ ಬುಟ್ಟಿಯನ್ನು ನೋಡಬೇಕು.