ಖಾಲಿ ಪ್ರೊಫೈಲು

ಜಾರಾ ಅರ್ಜಿ ಹಾಕಿದ ಮೂರನೇ ದಿನ ಪ್ರತಿಮಾ ಚನ್ನಪಟ್ಟಣದ ಅವಳ ಮನೆಗೆ ಬಂದಳು. ಇಬ್ಬರೂ ಒಟ್ಟಿಗೆ ಬಿಕಾಂ ಓದಿದವರು. ರಾಮನಗರದ ಹತ್ತಿರ ಒಂದು ಪ್ಯಾಕಿಂಗ್ ಕಾರ್ಖಾನೆಯಿದೆ. ಅಲ್ಲಿ ಕೆಲಸ ಕೇಳಿಕೊಂಡು ಬರುವವರ ಫೇಸ್‌ಬುಕ್ ಜಾಲಾಡುವುದೇ ಪ್ರತಿಮಾಳ ನೌಕರಿ. ಅದಕ್ಕೂ ಸಂಬಳ ಕೊಡುವ ಕಾಲ ಇದು. ಜಾರಾ ಅರ್ಜಿ ಹಾಕಿದ್ದು ಅಲ್ಲಿಗೇ, ಸ್ಟೋರ್ ಗುಮಾಸ್ತೆ ಕೆಲಸಕ್ಕೆ. ಎರಡು ವರ್ಷದಲ್ಲಿ ಅದು ಅವಳ ಹದಿನಾಲ್ಕನೇ ಅರ್ಜಿ.

"ನಮ್ ಸಾರು ಒಂದೂ ಬುಡ್ದಂಗೆ ನೋಡ್ತಾರೆ ಕಣೇ. ಎಲ್ಲಾ ತೆಗ್ದಾಕು," ಎಂದು ಪ್ರತಿಮಾ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು.

ಈದ್ ದಿನದ ಫೋಟೋ ಹೋಯಿತು. ದುಪಟ್ಟಾ ತಲೆ ಮೇಲಿದ್ದ ಫೋಟೋಗಳೆಲ್ಲ ಹೋದವು. ಹೆಸರು ಮಾತ್ರ ಅರ್ಜಿಯ ಮೊದಲ ಸಾಲಿನಲ್ಲೇ ಕಣ್ಣಿಗೆ ರಾಚುವ ಹಾಗೆ ಇತ್ತಲ್ಲ, ಅದು ಇಬ್ಬರ ಬಾಯಲ್ಲೂ ಬರಲಿಲ್ಲ. ಕೆಲಸದ ಆಸೆ ಹತ್ತಿದವರಿಗೆ ಅಷ್ಟು ಯೋಚನೆ ಎಲ್ಲಿಂದ ಬರಬೇಕು?

ಕೊನೆಗೆ ಉಳಿದದ್ದು ಅಪ್ಪ ಜಬ್ಬಾರನ ವಿಡಿಯೋ. ಗೊಂಬೆ ಮಾಡುತ್ತಿದ್ದ ಅಪ್ಪ ತೀರಿಕೊಂಡು ಮೂರು ವರ್ಷವಾಗಿತ್ತು. ವಿಡಿಯೋ ತೆಗೆದ ಫೋನೂ ಕೆಟ್ಟುಹೋಗಿ, ಅವನ ದನಿ ಉಳಿದಿದ್ದು ಫೇಸ್‌ಬುಕ್ಕಿನ ಆ ಒಂದೂವರೆ ನಿಮಿಷದಲ್ಲಿ ಮಾತ್ರ. ಜೀವಮಾನವೆಲ್ಲ ಮಾಡಿದ ಹಾಗೆ ಅದರಲ್ಲೂ "ಬಿಸ್ಮಿಲ್ಲಾ" ಎಂದೇ ಯಂತ್ರದ ಸ್ವಿಚ್ಚು ಒತ್ತುತ್ತಾನೆ. ತಿರುಗುವ ಮರಕ್ಕೆ ಅರಗಿನ ಕಡ್ಡಿ ತಾಗಿಸಿ, "ಬಿಗಿ ಹಿಡೀಬ್ಯಾಡ ಬೇಟಿ, ಬಣ್ಣ ತಾನೇ ಕೂತ್ಕೊಳ್ತದೆ" ಎನ್ನುತ್ತಾನೆ. ಅಮ್ಮ ಶರ್ಫುನ್ನೀಸಾ ಅದನ್ನು ಮತ್ತೆ ಮತ್ತೆ ಹಾಕಿಸಿಕೊಂಡು ಕೇಳುತ್ತಿದ್ದಳು.

"ಇದೊಂದು ಇರ್ಲಿ," ಎಂದಳು ಜಾರಾ.

"ಶುರುವಿಗೇ ಬಿಸ್ಮಿಲ್ಲಾ ಅಂತೈತೆ. ಕೆಲ್ಸ ಬೇಕೋ ಬ್ಯಾಡ್ವೋ? ನಿನ್ ಫೋನಲ್ಲಿ ಜಾಗ ಇಲ್ವಲ್ಲ, ನನ್ ಫೋನಿಗೆ ಇಳಿಸ್ಕೊತೀನಿ. ಆಮೇಲೆ ಕಳುಸ್ತೀನಿ."

ಪ್ರತಿಮಾ ಇಳಿಸಿಕೊಂಡಳು. ಜಾರಾ ಕಣ್ಣು ಮುಚ್ಚಿ ಅಳಿಸಿದಳು. ಟ್ರ್ಯಾಷ್‌ನಲ್ಲಿ ಇದ್ದದ್ದನ್ನೂ ಪ್ರತಿಮಾ ನಿಂತು ತೆಗೆಸಿದಳು.

ಇಂಟರ್‌ವ್ಯೂ ಹತ್ತು ನಿಮಿಷವೂ ನಡೆಯಲಿಲ್ಲ. ಮ್ಯಾನೇಜರ್ ಜಯಕುಮಾರ್ ಒಳ್ಳೆಯ ಮಾತಿನ ಮನುಷ್ಯ. ಟೀ ತರಿಸಿ, ಲ್ಯಾಪ್‌ಟಾಪನ್ನು ಇವಳ ಕಡೆ ತಿರುಗಿಸಿದ.

"ಏನೂ ಇಲ್ವಲ್ಲಮ್ಮ. ಹೋದ ವಾರ ಇತ್ತು, ಈಗಿಲ್ಲ. ಮುಚ್ಚಿಡೋ ಅಂಥಾದ್ದು ಏನಿತ್ತು?"

"ಅಂಥಾದ್ದೇನೂ ಇರ್ಲಿಲ್ಲ ಸಾರ್."

"ಮತ್ತೆ ಅಳಿಸಿದ್ಯಾಕೆ?"

ಜಾರಾ ಪ್ರತಿಮಾಳ ಕಡೆ ನೋಡಿದಳು. ಪಕ್ಕದ ಮೇಜಿನಲ್ಲಿ ಪ್ರತಿಮಾ ತಲೆ ಬಗ್ಗಿಸಿ ಫೈಲಿನಲ್ಲಿ ಬರೆಯುತ್ತಿದ್ದಳು. ಸ್ನೇಹಿತೆಯ ಅನ್ನಕ್ಕೆ ಕಲ್ಲು ಹಾಕಲು ಜಾರಾಳಿಗೆ ಮನಸ್ಸಾಗಲಿಲ್ಲ. ಟೀ ಕುಡಿದು ಎದ್ದು ಬಂದಳು.

ಬಸ್‌ಸ್ಟಾಪಿನಲ್ಲಿ ನಿಂತಿದ್ದಾಗ ಪ್ರತಿಮಾಳೇ ಫೋನ್ ಮಾಡಿದಳು. ದನಿಯಲ್ಲಿ ಸಮಾಧಾನ ಹೇಳುವ ಅಕ್ಕರೆಯಿತ್ತು.

"ಬ್ಯಾಸ್ರ ಮಾಡ್ಕಬ್ಯಾಡ. ನಿಂದೇನೂ ತಪ್ಪಿಲ್ಲ. ಸಾರು ನಿಮ್ಮೋರ್ನ ತಗೊಳಲ್ಲ, ಹಂಗಂತ ಫೈಲಲ್ಲಿ ಬರಿಯಕ್ಕಾಯ್ತದಾ? ಪ್ರೊಫೈಲ್ ಖಾಲಿ ಅಂತ ಬರುದ್ರೆ ಯಾರೂ ಕೇಳಲ್ಲ. ಅದಕ್ಕೇ ನಿಮ್ಮೋರು ಯಾರು ಅರ್ಜಿ ಹಾಕುದ್ರೂ ಮೊದ್ಲು ಹೋಗಿ ಅವ್ರ ಕೈಲೇ ಎಲ್ಲಾ ಅಳಿಸ್ಬುಟ್ಟು ಬಾ ಅಂತಾರೆ ನಂಗೆ."

ಜಾರಾಳ ಮೈ ಉರಿದುಹೋಯಿತು. ಬೈಯಲು ಬಾಯಿ ತುಂಬ ಮಾತುಗಳಿದ್ದವು. ಎಲ್ಲ ನುಂಗಿಕೊಂಡು ಬೇಡಿದಳು: "ಆಯ್ತು ಕಣೇ. ನಮ್ಮಪ್ಪನ ವಿಡಿಯೋ ಕಳ್ಸು."

"ಅದಾ? ಅವತ್ತೇ ಬಸ್ ಹತ್ತುತ್ಲೂವೆ ತೆಗ್ದಾಕ್ಬುಟ್ಟೆ. ಸಾರು ನಮ್ ಫೋನೂ ಇಸ್ಕೊಂಡು ನೋಡ್ತಾರೆ. ಅಂಥಾದ್ನ ಇಟ್ಕೊಂಡಿರಕ್ಕಾಯ್ತದಾ, ನೀನೇ ಹೇಳು."

ಚನ್ನಪಟ್ಟಣದ ಬಸ್ಸು ಬಂತು. ಕಂಡಕ್ಟರ್ ಎರಡು ಸಲ ಕೂಗಿ ಕರೆದ. ಅಮ್ಮನಿಗೆ ಏನೆಂದು ಹೇಳುವುದೋ ತಿಳಿಯದೆ ಜಾರಾ ನಿಂತಲ್ಲೇ ನಿಂತಳು.