ಜಂಪಣ್ಣನ ಹತ್ತು ನಿಮಿಷ

ಗಿಡ್ಡಪ್ಪ ಮೂರನೇ ಸಲ ಊದಿದಾಗಲೂ ಸತ್ತವನ ಸ್ಯಾಕ್ಸೊಫೋನಿನಿಂದ ಎಮ್ಮೆ ಕೆಮ್ಮಿದಂಥ ಸದ್ದೇ ಬಂತು. ಅಂಗಳದಲ್ಲಿ ಹೆಣ ಇಟ್ಟುಕೊಂಡು ನಗುವಂತಿರಲಿಲ್ಲ. ಬ್ಯಾಂಡಿನವರು ತಲೆ ತಗ್ಗಿಸಿದರು.

"ಬಿಡ್ರಿ ಮಾಸ್ಟ್ರೇ, ಅದು ನಿಮ್ಮ ಮಾತು ಕೇಳಾದಿಲ್ಲ," ಎಂದಳು ಗಾದ್ರಮ್ಮ, ಸತ್ತ ಜಂಪಣ್ಣನ ತಂಗಿ. ಗಂಡ ತೀರಿದ ಮೇಲೆ ಅಣ್ಣನ ಮನೆ ಸೇರಿದವಳು.

ಬಿಳಿಚೋಡಿನ ಜಂಪಣ್ಣ ಹದಿನಾಲ್ಕು ವರ್ಷ ಗಿಡ್ಡಪ್ಪನ ಬ್ಯಾಂಡ್‌ಸೆಟ್ಟಿನಲ್ಲಿದ್ದ. ಜಗಳೂರು, ಹೊನ್ನಾಳಿ, ನ್ಯಾಮತಿ ಕಡೆ ಅವನು ಊದದೆ ಹಸೆಮಣೆ ಏರಿದ ಗಂಡು ಕಡಿಮೆ. ತಾನು ಮಾತ್ರ ಏರಲಿಲ್ಲ. ಅದಕ್ಕೂ ಮೊದಲು ಬೊಂಬಾಯಿಯ ಹೋಟೆಲೊಂದರಲ್ಲಿ ಜಾಝ್ ನುಡಿಸುತ್ತಿದ್ದನೆಂದು ಊರಿಗೆ ಗೊತ್ತಿತ್ತು. ಜಾಝ್ ಎಂದರೇನೆಂದು ಗೊತ್ತಿರಲಿಲ್ಲ. ಹೋಟೆಲಿನ ಮಾತಾದ್ದರಿಂದ ಅದೊಂದು ತಿಂಡಿಯೆಂದು ತಿಳಿದವರೂ ಇದ್ದರು.

ಬ್ಯಾಂಡಿನಲ್ಲಿ ಅದನ್ನು ನುಡಿಸಿದ್ದು ಒಂದೇ ಸಲ, ಹೊನ್ನಾಳಿಯ ಮದುವೆಯಲ್ಲಿ. ಹೆಣ್ಣಿನ ತಂದೆ ಓಡಿಬಂದು, "ಯಾರು ಸತ್ತಾರಂತ ಹಿಂಗೆ ಊದ್ತೀಯೋ?" ಎಂದು ಗದರಿದ್ದ. ಆಮೇಲೆ ಬರೀ ಸಿನಿಮಾ ಹಾಡು. ಮನೆಯಲ್ಲಂತೂ ಪೆಟ್ಟಿಗೆಯನ್ನೇ ತೆರೆಯುತ್ತಿರಲಿಲ್ಲ. ಒಮ್ಮೆ ಬೆಂಗಳೂರಿನ ಟಿವಿಯವರ ಮುಂದೆ ನುಡಿಸಿ ಬಂದಿದ್ದ; ಗಾದ್ರಮ್ಮ ಕೇಳಿದರೆ, "ಟಿವಿಯಾಗೆ ಬರ್ತೈತೆ, ಅವತ್ತು ಕೇಳು," ಎನ್ನುತ್ತಿದ್ದ. ಒಂದೂವರೆ ವರ್ಷದಿಂದ ಅದು ಬರುತ್ತಲೇ ಇತ್ತು.

ಮಧ್ಯಾಹ್ನದ ಬಸ್ಸಿನಿಂದಿಳಿದ ಮುರುಗೇಶಪ್ಪನಿಗೆ ಸಾವಿನ ಸುದ್ದಿ ತಿಳಿದಿರಲಿಲ್ಲ. ಬಸವಾಪಟ್ಟಣದವನು, ಬೆಂಗಳೂರಿನಲ್ಲಿ ಟಿವಿ ಕಾರ್ಯಕ್ರಮಗಳ ನಿರ್ದೇಶಕ. ಗೊಬ್ಬರ, ಕುರಿಸಾಕಣೆ, ಹಲ್ಲಿನ ಆರೈಕೆ ಅವನ ಪಾಲಿಗೆ ಬಂದ ವಿಷಯಗಳು. ಅವನ ಹೆಸರು ತೆರೆಗೆ ಬರುವಷ್ಟರಲ್ಲಿ ಜನ ಎದ್ದು ಹೋಗಿರುತ್ತಿದ್ದರು. ತನ್ನ ಆಸೆಯಿಂದ ಅವನು ತೆಗೆದದ್ದು ಜಂಪಣ್ಣನ ಹತ್ತು ನಿಮಿಷ ಒಂದೇ.

"ಇವತ್ತು ಆರೂವರೆಗೆ ಬರ್ತೈತಮ್ಮ," ಎಂದ, ಹೆಣದ ಮುಂದೆ ನಿಂತು. "ಅದನ್ನ ಹೇಳಾಕೇ ಬಂದಿದ್ದೆ."

ಗಾದ್ರಮ್ಮ ತಟ್ಟನೆ ತಲೆಯೆತ್ತಿದಳು.

"ಟಿವಿ ಇರಾದು ಪಂಚಾಯ್ತಿ ಆಫೀಸ್ನಾಗೆ," ಎಂದ ಗಿಡ್ಡಪ್ಪ. "ಸೂತಕದಾಗೆ ಹೆಂಗೆ ಒಳಕ್ಕೆ ಹೋಗ್ತೀಯಮ್ಮ? ಮನೆ ಬಿಟ್ಟು ಬರಾಕೂ ಇಲ್ಲ."

"ಒಂದೇ ಹೊಟ್ಟ್ಯಾಗೆ ಹುಟ್ಟಿದೋರು ಮಾಸ್ಟ್ರೇ. ಅವನು ಏನು ನುಡಿಸ್ತಿದ್ದ ಅಂತ ನಾನೇ ಕೇಳಿಲ್ಲ."

ಗಿಡ್ಡಪ್ಪ ಚಟ್ಟ ಕಟ್ಟುವವರ ಕಡೆ ಹೋದ.

*

ಒಂದೂವರೆ ವರ್ಷದ ಹಿಂದೆ ಸ್ಟುಡಿಯೋದಲ್ಲಿ ಮುರುಗೇಶಪ್ಪ ಸ್ಟೂಲು ಹಾಕಿಸಿ, ಅಲುಗಬಾರದೆಂದು ಮೂರು ಸಲ ಹೇಳಿದ್ದ. ಮೂರು ಸಲವೂ ಜಂಪಣ್ಣ ಊದುತ್ತ ಊದುತ್ತ ಎದ್ದು ನಡೆದುಬಿಟ್ಟ.

"ಬೊಂಬಾಯಿನಾಗೆ ಕುಂತೇ ನುಡಿಸ್ತಿದ್ದೆ ಸಾರ್. ಈಗ ಮೆರವಣಿಗೆ ಅಭ್ಯಾಸ. ಊದಾಕೆ ಹತ್ತಿದ್ರೆ ಕಾಲು ತಾವೇ ಎದ್ದುಬಿಡ್ತವೆ," ಎಂದು ನಾಚಿಕೊಂಡ.

ಸ್ಟುಡಿಯೋ ಬಿಟ್ಟುಕೊಡಲು ಹನ್ನೆರಡು ನಿಮಿಷ ಉಳಿದಿತ್ತು. "ಇದು ಕೊನೇದು ಜಂಪಣ್ಣ," ಎಂದ ಮುರುಗೇಶಪ್ಪ.

ಆ ಕೊನೆಯದನ್ನು ನೋಡಿದ ಮೇಲಧಿಕಾರಿ, ಇದನ್ನು ಯಾರಿಗೆ ತೋರಿಸೋಣ ಎಂದು ನಕ್ಕು ಟೇಪನ್ನು ಬೀರುವಿಗೆ ಸೇರಿಸಿದ್ದ. ನಿನ್ನೆ ಬೇರೊಂದು ಟೇಪು ಕೆಟ್ಟಿದ್ದರಿಂದ ಇದಕ್ಕೆ ಜಾಗ ಸಿಕ್ಕಿತ್ತು. ಮುರುಗೇಶಪ್ಪ ಟೇಪಿನಲ್ಲಿ ಏನಿದೆಯೆಂದು ಗಾದ್ರಮ್ಮನಿಗೆ ಹೇಳಬೇಕೆಂದು ಎರಡು ಸಲ ಬಾಯಿ ತೆರೆದ. ಎರಡು ಸಲವೂ ಧೈರ್ಯ ಸಾಲಲಿಲ್ಲ.

*

ಹೊತ್ತು ಇಳಿಯುವ ಮುನ್ನ ಮಣ್ಣು ಮಾಡಿ ಬಂದರು. ಬ್ಯಾಂಡು ನುಡಿಸಿತು, ಆದರೆ ನಡುವೆ ಒಂದು ದನಿ ಕಡಿಮೆ ಇದ್ದುದು ಕಿವುಡನಿಗೂ ತಿಳಿಯುತ್ತಿತ್ತು.

ಆರೂವರೆಗೆ ಗಾದ್ರಮ್ಮ ಒದ್ದೆ ತಲೆಯಲ್ಲೇ ಪಂಚಾಯ್ತಿ ಆಫೀಸಿನ ಕಿಟಕಿಯ ಹೊರಗೆ ಬಂದು ನಿಂತಳು. ಒಳಗಿನವರು ಮುಖ ಮುಖ ನೋಡಿಕೊಂಡರು. ಗಿಡ್ಡಪ್ಪ ಎದ್ದ. ಬೈಯುತ್ತಾನೆಂದು ಎಲ್ಲರೂ ಕಾದರೆ, ಅವನು ಟಿವಿಯನ್ನು ಮೇಜಿನ ಸಮೇತ ಕಿಟಕಿಯ ಕಡೆಗೆ ತಿರುಗಿಸಿದ. ಒಳಗೆ ಬರೀ ಟಿವಿಯ ಬೆನ್ನು ಕಾಣುತ್ತಿತ್ತು. ಜನ ಗೊಣಗುತ್ತ ಹೊರಗೆ ಬಂದು, ಅವಳ ಹಿಂದೆ ನಾಲ್ಕು ಮಾರು ದೂರದಲ್ಲಿ ಗುಂಪುಗಟ್ಟಿದರು.

ಜಂಪಣ್ಣ ಯಾರದೋ ಕೋಟು ತೊಟ್ಟು ಸ್ಟೂಲಿನ ಮೇಲೆ ಕೂತಿದ್ದ. ಕಣ್ಣು ಮುಚ್ಚಿ ಊದತೊಡಗಿದ. ಅದು ಯಾವ ಹಾಡಿನಂತೆಯೂ ಇರಲಿಲ್ಲ. ಒಬ್ಬನೇ ಇರುವವನು ತನ್ನೊಳಗೇ ಮಾತಾಡಿಕೊಂಡಂತಿತ್ತು. ಹದಿನಾಲ್ಕು ವರ್ಷ ಎದುರು ಕೂತು ಮುದ್ದೆ ಉಂಡವನ ಒಳಗೆ ಇಷ್ಟೆಲ್ಲ ಇತ್ತೆಂದು ಗಾದ್ರಮ್ಮನಿಗೆ ಸಂಕಟವಾಯಿತು. ಒಂದು ಮಾತು ಮೊದಲೇ ಹೇಳಬಾರದಿತ್ತೇ ಎಂದು ಸಿಟ್ಟೂ ಬಂತು.

ಮೂರನೇ ನಿಮಿಷಕ್ಕೆ ಜಂಪಣ್ಣ ಎದ್ದ. ಊದುತ್ತಲೇ ನಾಲ್ಕು ಹೆಜ್ಜೆ ಮುಂದೆ ನಡೆದ. ತೆರೆಯ ತುಂಬ ಅವನ ಕೋಟೇ ಆಯಿತು, ಆಮೇಲೆ ಅದೂ ಇಲ್ಲ. ಸ್ಟೂಲು ಮಾತ್ರ ಉಳಿಯಿತು. ಸಂಗೀತ ನಿಲ್ಲಲಿಲ್ಲ.

"ಎಲ್ಲಿಗೆ ಹೋದ?" ಎಂದು ಯಾರೋ ಕೇಳಿದರು.

"ತಪ್ಪು ನಂದಮ್ಮ," ಎಂದ ಮುರುಗೇಶಪ್ಪ, ಮುಖ ಎತ್ತದೆ. "ಮೆರವಣಿಗೆ ಅಂದ್ಕೊಂಡು ನಡೆದುಬಿಟ್ಟ. ಕೊನೇವರೆಗೂ ಹಿಂಗೇ ಐತೆ, ಬರೀ ಸ್ಟೂಲು."

ಗಾದ್ರಮ್ಮ ಸೆರಗನ್ನು ಎಳೆದುಕೊಂಡು ಕಿಟಕಿಯ ಎದುರಿನಿಂದ ಒಂದು ಪಕ್ಕಕ್ಕೆ ಸರಿದಳು. ಹಿಂದಿದ್ದ ಜನರ ಕಡೆ ತಿರುಗಿ, "ಸರ್ಕೊಳ್ರಿ," ಎಂದಳು. "ದಾರಿ ಬಿಡ್ರಿ."

ಸ್ಯಾಕ್ಸೊಫೋನಿನ ದನಿ ಕಿಟಕಿ ದಾಟಿ ಬರುತ್ತಲೇ ಇತ್ತು. ಗುಂಪು ಎರಡಾಗಿ ಸರಿಯಿತು. ಕಿಟಕಿಯಿಂದ ರಸ್ತೆಯವರೆಗೆ ನಡುವೆ ಜಾಗ ಖಾಲಿಯಾಯಿತು.