ನಳಿಕೆ ಕೆಳಗಾದಾಗ

ಯಾರ ಮುಂದೆಯೂ ಬಾಯಿಬಿಡದ ಮಾತನ್ನು ಅವಳು ಬೆಳಿಗ್ಗೆ ಡೈರಿಯಲ್ಲಿ ಬರೆದುಕೊಂಡಿದ್ದಳು: 'ಆ ಚೀಟಿಗೆ ಸಹಿ ಹಾಕಬಾರದಿತ್ತು.'

ಚಿಕ್ಕಪ್ಪನ ಬಂದೂಕು ರಿಪೇರಿ ಅಂಗಡಿಯಲ್ಲಿ ಗಿರಾಕಿಗಳ ಲೈಸೆನ್ಸ್ ನೋಡಿ, ನಂಬರ್ ಬರೆದುಕೊಂಡು, ಬಂದೂಕು ಸರಿಯಿದೆಯೆಂಬ ಪರೀಕ್ಷೆಯ ಚೀಟಿಗೆ ಸಹಿ ಹಾಕುವುದು ಅವಳ ಕೆಲಸ. "ನಮ್ಮ ಪದವೀಧರೆಗೆ ಮಾತು ತುಟ್ಟಿ, ಅಕ್ಷರ ಮಾತ್ರ ದುಂಡಗೆ" ಎಂದು ಚಿಕ್ಕಪ್ಪ ಬಂದವರಿಗೆಲ್ಲ ಹೇಳುತ್ತಿದ್ದರು. ರಿಪೇರಿಯಾದ ಪ್ರತಿ ಬಂದೂಕನ್ನೂ ಅವರು ಖಾಲಿ ಮಾಡಿ, ನಳಿಕೆಯನ್ನು ಸೂರಿನತ್ತ ಹಿಡಿದು, ಗುಂಡು ತಪ್ಪಿ ಹಾರದಂತೆ ತಡೆಯುವ ಸೇಫ್ಟಿ ಗುಂಡಿ ಹಾಕಿ, ಟ್ರಿಗರ್ ಮೂರು ಸಲ ಎಳೆಯುವರು. ಮೂರು ಸಲವೂ ಸೇಫ್ಟಿ ತಡೆದರೆ ಪಾಸು. ಹಳೆಯ ಗಿರಾಕಿ ಮೀಸೆ ತಾತನ ಜೋಡಿ ನಳಿಕೆಯ ಬಂದೂಕೂ ನಿನ್ನೆ ಹಾಗೆಯೇ ಪಾಸಾಗಿತ್ತು. ಆದರೆ ಒರೆಸಲೆಂದು ಅವಳು ನಳಿಕೆ ಕೆಳಗೆ ಮಾಡಿದಾಗ ಸೇಫ್ಟಿ ತಾನಾಗಿ ಜಾರಿತು. ಎರಡು ಸಲ. ಅಷ್ಟರಲ್ಲಿ ಚಿಕ್ಕಪ್ಪ ಚೀಟಿ ಚಾಚಿದ್ದರು. ಇಪ್ಪತ್ತು ವರ್ಷದಿಂದ ಕೈ ಪಳಗಿದವರಿಗೆ ತಾನೇನು ಹೇಳುವುದೆಂದು ಸಹಿ ಗೀಚಿಬಿಟ್ಟಿದ್ದಳು.

ಹನ್ನೊಂದಕ್ಕೆ ಸರಿಯಾಗಿ ತಾತ ಹಾಜರಾದರು.

"ಏನಪ್ಪಾ, ನನ್ನ ಮುದುಕಿ ಹುಷಾರಾದ್ಲಾ?"

"ನಿಮಗಿಂತ ಗಟ್ಟಿಯಾಗಿದ್ದಾಳೆ," ಎಂದರು ಚಿಕ್ಕಪ್ಪ. "ಇವಳಿಂದ ಏನಾದ್ರೂ ಬೇಟೆ ಆಗಿತ್ತಾ?"

"ಎಲ್ಲಿಯ ಬೇಟೆ? ಮೂವತ್ತು ವರ್ಷದಲ್ಲಿ ಇವಳು ಹೊಡೆದಿರೋದು ಒಂದೇ, ನಮ್ಮನೆ ನೀರಿನ ಟ್ಯಾಂಕು. ತೋಟಕ್ಕೆ ಬರೋ ಹಂದಿಗಳು ಈಗ ಯೋಗಕ್ಷೇಮ ಕೇಳ್ಕೊಂಡು ಹೋಗ್ತವೆ."

ಅವಳಿಗೂ ನಗು ಬಂತು. ನಗುತ್ತಲೇ ಅವರ ಲೈಸೆನ್ಸನ್ನು ಹಿಂದೆ ಮುಂದೆ ತಿರುವಿ ಮೂರು ಸಲ ಓದಿದಳು.

"ಏನಮ್ಮಾ, ನನ್ನ ಫೋಟೊ ಅಷ್ಟು ಚೆನ್ನಾಗಿದ್ಯಾ?"

"ಅವಧಿ ನೋಡ್ತಿದ್ದೆ, ತಾತ."

ಅವಧಿ ಮುಗಿಯಲು ಇನ್ನೂ ಎರಡು ವರ್ಷವಿತ್ತು. ಬಂದೂಕು ಕೊಡದಿರಲು ಆ ನೆಪವೂ ಕೈಕೊಟ್ಟಿತು.

"ಅಲ್ಲಯ್ಯಾ, ಇದು ತಪ್ಪಿ ಹಾರಿದ್ರೆ ಹೊಣೆ ಯಾರು?" ತಾತ ಕಣ್ಣು ಮಿಟುಕಿಸಿದರು. "ನಾನಾ, ಮಾಡಿದ ಕಂಪನಿಯವರಾ?"

"ಕಂಪನಿಯವರು, ಬಿಚ್ಚಿದೋರನ್ನ ಕೇಳಿ ಅಂತಾರೆ. ನಾನು, ಸಹಿ ಹಾಕಿದೋಳನ್ನ ಕೇಳಿ ಅಂತೀನಿ," ಎಂದು ಚಿಕ್ಕಪ್ಪ ನಕ್ಕರು.

ತಾತ ಬಂದೂಕನ್ನು ತಮ್ಮ ರೂಢಿಯಂತೆ ನಳಿಕೆ ಕೆಳಗಾಗಿ ಹೆಗಲಿಗೆ ನೇತುಹಾಕಿದರು. ಅದರ ಬಾಯಿ ಸವೆದ ಚಪ್ಪಲಿಯಲ್ಲಿದ್ದ ಅವರ ಹೆಬ್ಬೆರಳನ್ನೇ ನೋಡುತ್ತಿತ್ತು.

"ಮನೆಗೆ ಹೋಗಿ ತೋಟಾ ತುಂಬಿದ್ರೆ ಮುಗೀತು," ಎಂದು ಬಾಗಿಲಿನತ್ತ ಹೊರಟರು.

ಅವಳು ಎದ್ದ ರಭಸಕ್ಕೆ ಕುರ್ಚಿ ಉರುಳಿತು. ಇಬ್ಬರೂ ತಿರುಗಿ ನೋಡಿದರು.

"ತಾತ, ಅದನ್ನ ಇಲ್ಲೇ ಇಡಿ. ಚಿಕ್ಕಪ್ಪಾ, ಚೀಟೀಲಿ ನಾನು ಸಹಿ ಹಾಕಿರೋದು ಸುಳ್ಳಿಗೆ. ನಳಿಕೆ ಕೆಳಗಾದ್ರೆ ಇದರ ಸೇಫ್ಟಿ ನಿಲ್ಲಲ್ಲ."